ಕಾರ್ಡಿನಲ್ ಕಸರೋಲಿ: ಕಮ್ಯುನಿಸ್ಟರ ಜೊತೆ ಮಾತಿಗೆ ಕೂತ ವ್ಯಾಟಿಕನ್

ಶೀತಲ ಸಮರ ಓದೋವಾಗ ಅಮೆರಿಕ ರಷ್ಯಾ ಗಲಾಟೆಯಲ್ಲಿ ವ್ಯಾಟಿಕನ್ ಭಾಗ ಎಲ್ರೂ ಸ್ಕಿಪ್ ಮಾಡ್ತೀವಿ, ಆದ್ರೆ ವ್ಯಾಟಿಕನ್ ರಾಜತಾಂತ್ರಿಕ ಅಗೊಸ್ಟೀನೊ ಕಸರೋಲಿ ಒಬ್ರ ಕೆರಿಯರ್ ಹಿಡ್ಕೊಂಡ್ರೆ ಅದು ಆರಾಮಾಗಿ ಅರ್ಥ ಆಗುತ್ತೆ.

ಹುಟ್ಟಿದ್ದು 1914, ಇಟಲಿಯ ಪಿಯಾಚೆಂಜಾ ಹತ್ರ. 1937ರಲ್ಲಿ ಪಾದ್ರಿ ಆದ್ರು, 1940ರಿಂದ ವ್ಯಾಟಿಕನ್ ಸೆಕ್ರೆಟೇರಿಯಟ್ ಆಫ್ ಸ್ಟೇಟ್‌ನಲ್ಲಿ (ಆಡಳಿತ, ವಿದೇಶಾಂಗ ನೋಡ್ಕೊಳ್ಳೋ ಕಚೇರಿ) ಕೆಲಸ. ಸುಮಾರು ಇಪ್ಪತ್ತು ವರ್ಷ ಬರೀ ಫೈಲು, ಕಾಗದಪತ್ರ.

ಅಸಲಿ ಕಥೆ ಶುರುವಾಗೋದು 1963ರಲ್ಲಿ. ಪೋಪ್ 23ನೇ ಜಾನ್ ಇವರನ್ನ ಕಮ್ಯುನಿಸ್ಟ್ ಸರ್ಕಾರಗಳಿದ್ದ ಹಂಗೆರಿಯ ಬುಡಾಪೆಸ್ಟ್, ಚೆಕೊಸ್ಲೊವಾಕಿಯಾದ ಪ್ರಾಗ್‌ಗೆ ಕಳಿಸ್ತಾರೆ. ಯಾಕಪ್ಪಾ ಅಂದ್ರೆ ಅಲ್ಲಿ ಎಷ್ಟೋ ಬಿಷಪ್‌ಗಳು ಒಂದೋ ಜೈಲಲ್ಲಿ ಇಲ್ಲಾ ಗೃಹಬಂಧನದಲ್ಲಿ, ಖಾಲಿ ಬಿದ್ದ ಜಾಗಕ್ಕೆ ಸರ್ಕಾರ ಹೊಸಬರನ್ನ ಬಿಡ್ತಿಲ್ಲ, ಬಿಷಪ್ ಇಲ್ದಿದ್ರೆ ಹೊಸ ಪಾದ್ರಿಗಳಿಗೆ ದೀಕ್ಷೆ ಕೊಡೋರೇ ಇಲ್ಲ, ಹಿಂಗೇ ಒಂದು ತಲೆಮಾರು ಕಳೆದ್ರೆ ಚರ್ಚ್ ತಾನಾಗೇ ಮುಗಿದುಹೋಗುತ್ತೆ. ಈ ಪಾಯಿಂಟ್ ತಲೇಲಿ ಇಟ್ಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸರ್ಕಾರ ನಾಳೆನೇ ಬೀಳಲ್ಲ, ಹಾಗಾಗಿ ಸಿಕ್ಕಷ್ಟು ತಗೊಂಡು ಮೊದಲು ಬಿಷಪ್‌ಗಳನ್ನ ಕೂರಿಸೋಣ ಅನ್ನೋದು ಕಸರೋಲಿ ಲೆಕ್ಕ. 1964ರಲ್ಲಿ ಹಂಗೆರಿ ಜೊತೆ ಒಪ್ಪಂದ, 1966ರಲ್ಲಿ ಯುಗೊಸ್ಲಾವಿಯ. ಇದಕ್ಕೇ ಓಸ್ಟ್‌ಪೊಲಿಟಿಕ್ (ಜರ್ಮನ್‌ನಲ್ಲಿ 'ಪೂರ್ವ ನೀತಿ') ಅನ್ನೋ ಹೆಸರು ಬಿತ್ತು.

ಇದಕ್ಕೆ ಬೆಲೆನೂ ಕೊಡಬೇಕಾಯ್ತು. ಹಂಗೆರಿ ಚರ್ಚಿನ ಮುಖ್ಯಸ್ಥ ಕಾರ್ಡಿನಲ್ (ಪೋಪ್ ನಂತರದ ಹಿರಿಯ ದರ್ಜೆ) ಮಿಂಡ್ಸೆಂಟಿ 1956ರಿಂದ ಅಮೆರಿಕನ್ನರ ದೂತಾವಾಸದಲ್ಲಿ ಆಶ್ರಯ ಪಡೆದಿದ್ರು, ಕಮ್ಯುನಿಸ್ಟರ ಜೊತೆ ರಾಜಿ ಅಂದ್ರೆ ಸಿಡಿಮಿಡಿ. 1971ರಲ್ಲಿ ಅವರ ಮನವೊಲಿಸಿ ದೇಶದಿಂದ ಹೊರಗೆ ಕರ್ಕೊಂಡು ಬಂದ್ರು, ರಾಜೀನಾಮೆ ಕೊಡಲ್ಲ ಅಂದಾಗ 1974ರಲ್ಲಿ ಪೋಪ್ 6ನೇ ಪೌಲ್, ಮಿಂಡ್ಸೆಂಟಿಯ ಪೀಠ (ಬಿಷಪ್ ಸ್ಥಾನ) ಖಾಲಿ ಅಂತ ಘೋಷಣೆ ಮಾಡೇಬಿಟ್ರು. ಜೈಲು ಕಂಡು ಬಂದ ಮನುಷ್ಯನಿಗೆ ಇದು ಅನ್ಯಾಯ ಅಂತ್ಲೇ ನನಗನ್ಸುತ್ತೆ, ಆದ್ರೆ ಖಾಲಿ ಪೀಠಗಳ ಲೆಕ್ಕ ನೋಡಿದ್ರೆ ಕಸರೋಲಿನೂ ಪೂರ್ತಿ ತಪ್ಪು ಅನ್ನಕ್ಕಾಗಲ್ಲ.

ಯುರೋಪಿನ ಭದ್ರತೆ, ಮಾನವ ಹಕ್ಕುಗಳ ಬಗ್ಗೆ ಪೂರ್ವ ಪಶ್ಚಿಮ ದೇಶಗಳು ಮಾಡ್ಕೊಂಡ 1975ರ ಹೆಲ್ಸಿಂಕಿ ಒಪ್ಪಂದಕ್ಕೆ ವ್ಯಾಟಿಕನ್ ಪರ ಸೈನ್ ಹಾಕಿದ್ದೂ ಇವರೇ. ಧಾರ್ಮಿಕ ಸ್ವಾತಂತ್ರ್ಯದ ಮಾತಿರೋ ಆ ಕಾಗದಕ್ಕೆ ಸೋವಿಯತ್ ನಾಯಕ ಬ್ರೆಜ್ನೇವ್ ಸೈನೂ ಇದೆ ನೋಡಿ.

ಆಮೇಲೆ ಬಂದ ಪೋಪ್ 2ನೇ ಜಾನ್ ಪೌಲ್ ಪೋಲೆಂಡಿನವರು, ಕಮ್ಯುನಿಸ್ಟರ ವಿಷಯದಲ್ಲಿ ಖಡಕ್. ಇಷ್ಟಾದ್ರೂ 1979ರಲ್ಲಿ ಕಸರೋಲಿಯವರನ್ನೇ ಕಾರ್ಡಿನಲ್ ಮಾಡಿ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆ, ಅಂದ್ರೆ ಪೋಪ್ ನಂತರದ ಎರಡನೇ ಸ್ಥಾನ ಕೊಟ್ರು. ಪೋಪ್ ಸಾರ್ವಜನಿಕವಾಗಿ ಗುಡುಗೋದು, ಇವರು ಒಳಗೆ ಕೂತು ಮಾತಾಡೋದು, ಇಬ್ಬರಿಗೂ ಅನುಕೂಲ. 1988ರಲ್ಲಿ ಮಾಸ್ಕೋಗೆ ಹೋಗಿ ಸೋವಿಯತ್ ನಾಯಕ ಗೊರ್ಬಚೆವ್ ಭೇಟಿ, 1989ರ ಡಿಸೆಂಬರ್ 1ಕ್ಕೆ ಗೊರ್ಬಚೆವ್ ತಾವೇ ವ್ಯಾಟಿಕನ್‌ಗೆ ಬಂದ್ರು. ಸರಿಯಾಗಿ ಒಂದು ವರ್ಷಕ್ಕೆ ಕಸರೋಲಿ ರಿಟೈರ್, 1998ರಲ್ಲಿ ತೀರ್ಕೊಂಡ್ರು.

ಇನ್ನೊಂದು, 1984ರಲ್ಲಿ ಇಟಲಿ ಪ್ರಧಾನಿ ಕ್ರಾಕ್ಸಿ ಜೊತೆ ಕಸರೋಲಿ ಸೈನ್ ಹಾಕಿದ್ದು ಇಟಲಿ ವ್ಯಾಟಿಕನ್ ನಡುವಿನ ಒಪ್ಪಂದ, ಕ್ಯಾಥೊಲಿಕ್ ಧರ್ಮ ಅಲ್ಲಿನ ರಾಷ್ಟ್ರಧರ್ಮ ಅನ್ನೋದು ಹೋಗಿದ್ದು ಅದರಿಂದ, 1964ರ ಹಂಗೆರಿ ಒಪ್ಪಂದದ ಜೊತೆ ಕನ್‌ಫ್ಯೂಸ್ ಮಾಡ್ಕೋಬೇಡಿ.