ರಿಜಿಸ್ಟರ್ಡ್ ಡಾಕ್ಟರ್ ಅಂದರೆ ಯಾರು?

ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಒಮ್ಮೆ ಸರಿಯಾಗಿ ನೋಡಿ. ಹೆಸರು, ಪಕ್ಕದಲ್ಲಿ ಎಂಬಿಬಿಎಸ್, ಎಂಎಸ್ ಅಂತ ಡಿಗ್ರಿಗಳು, ಎಲ್ಲೋ ಒಂದು ಕಡೆ ಸಣ್ಣದಾಗಿ ‘ಕೆಎಂಸಿ ನಂ.’ ಅಂತ ಒಂದು ಸಂಖ್ಯೆ. ಡಿಗ್ರಿಗಳನ್ನು ಎಲ್ಲರೂ ಓದುತ್ತಾರೆ. ನಂಬರಿನ ಕಡೆ ಕಣ್ಣು ಹಾಯಿಸುವವರು ಕಡಿಮೆ. ಆದರೆ ಔಷಧಿ ಬರೆಯುವ ಹಕ್ಕು ಸಿಗುವುದು ಆ ನಂಬರಿನಿಂದ. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು ಬೇರೆ, ಆರ್‌ಟಿಓ ಲೈಸೆನ್ಸು ಬೇರೆ ಅಲ್ವಾ, ಹಾಗೆ.

ಕೆಎಂಸಿ ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಅದರ ಹತ್ತಿರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿದ್ದವರು ರಿಜಿಸ್ಟರ್ಡ್ ಡಾಕ್ಟರ್. ಹೆಸರು ಸೇರಿಸುವ ಕೌನ್ಸಿಲ್ಲಿಗೆ ಅದನ್ನು ಹೊಡೆದುಹಾಕುವ ಅಧಿಕಾರವೂ ಇದೆ. ನನ್ನ ಪ್ರಕಾರ ಈ ಪದದ ತೂಕವೆಲ್ಲ ಇರುವುದು ಈ ಎರಡನೇ ಅಧಿಕಾರದಲ್ಲಿ.

ಇಂಥ ಪಟ್ಟಿ ಬೇಕು ಅಂತ ಇಂಗ್ಲೆಂಡಿನಲ್ಲಿ ಜಾಸ್ತಿ ಗಲಾಟೆ ಮಾಡಿದವರಲ್ಲಿ ಒಬ್ಬರು ಥಾಮಸ್ ವೇಕ್ಲಿ. ಹುಟ್ಟಿದ್ದು 1795ರಲ್ಲಿ, ಡೆವನ್ ಪ್ರಾಂತದ ಒಬ್ಬ ರೈತನ ಮನೆಯಲ್ಲಿ. 1817ರಲ್ಲಿ ಸರ್ಜನ್ ಆದರು, ಲಂಡನ್ನಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದರು. 1820ರಲ್ಲಿ ಒಂದು ಗುಂಪು ನುಗ್ಗಿ ಅವರನ್ನು ಹೊಡೆದು, ಮನೆಗೆ ಬೆಂಕಿ ಹಚ್ಚಿತು. ವಿಮಾ ಕಂಪನಿ ದುಡ್ಡು ಕೊಡುವುದಿಲ್ಲ ಅಂದಿತು. ಕೋರ್ಟಿಗೆ ಹೋಗಿ ಗೆದ್ದರು, ಆದರೆ ಪ್ರಾಕ್ಟೀಸ್ ಮೊದಲಿನ ಹಾಗೆ ಕುದುರಲಿಲ್ಲ. 1823ರ ಅಕ್ಟೋಬರಿನಲ್ಲಿ ‘ದಿ ಲ್ಯಾನ್ಸೆಟ್’ ಅನ್ನುವ ವಾರಪತ್ರಿಕೆ ಶುರು ಮಾಡಿದರು. ಇವತ್ತಿಗೂ ನಡೆಯುತ್ತಿರುವ ಅದೇ ಲ್ಯಾನ್ಸೆಟ್. ಆಗ ಅದು ಈಗಿನಷ್ಟು ಗಂಭೀರವಾಗಿರಲಿಲ್ಲ. ದೊಡ್ಡ ಸರ್ಜನ್ನರ ಪಾಠಗಳನ್ನು ಅವರನ್ನು ಕೇಳದೆಯೇ ಅಚ್ಚು ಹಾಕುವುದು, ಆಸ್ಪತ್ರೆಯ ಒಳಗಿನ ವಿಷಯ ಹೊರಗೆ ಹಾಕುವುದು, ಹೆಸರು ಹಿಡಿದು ಬೈಯುವುದು ಎಲ್ಲ ನಡೆಯುತ್ತಿತ್ತು.

ಬೈಯುವುದಕ್ಕೆ ಕಾರಣವೂ ಇತ್ತು. ಡಾಕ್ಟರಿಕೆಗೆ ಲೈಸೆನ್ಸ್ ಕೊಡುವ ಸಂಸ್ಥೆಗಳು ಆಗ ಹತ್ತಾರು, ಒಂದರ ನಿಯಮ ಇನ್ನೊಂದಕ್ಕಿಲ್ಲ. ಇಂಥ ಸಂಸ್ಥೆಗಳಲ್ಲಿ ಒಂದಾದ ಸರ್ಜನ್ನರ ಕಾಲೇಜಿನ ಆಡಳಿತ ಮಂಡಳಿಗೆ ಹೊಸಬರನ್ನು ಆರಿಸುತ್ತಿದ್ದವರು ಹಳಬರೇ. ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಹುದ್ದೆಗಳು ಅಣ್ಣತಮ್ಮಂದಿರ ಮಕ್ಕಳಿಗೆ, ದುಡ್ಡು ಕೊಟ್ಟು ಸೇರಿದ ಶಿಷ್ಯರಿಗೆ ಹೋಗುತ್ತಿದ್ದವು.

1828ರ ಮಾರ್ಚಿನಲ್ಲಿ ನಡೆದ ಒಂದು ಆಪರೇಷನ್ ನೋಡಿ. ಲಂಡನ್ನಿನ ಗೈಸ್ ಆಸ್ಪತ್ರೆ. ಸ್ಟೀಫನ್ ಪೊಲಾರ್ಡ್ ಅನ್ನುವ 53 ವರ್ಷದ ಹಳ್ಳಿಯ ಕೂಲಿಯಾಳಿಗೆ ಮೂತ್ರಕೋಶದಲ್ಲಿ ಕಲ್ಲು. ಮೈ ಮರಗಟ್ಟಿಸುವ ಮದ್ದು ಇನ್ನೂ ಬಂದಿರಲಿಲ್ಲ, ಕೈಕಾಲು ಕಟ್ಟಿ ಕೊಯ್ಯಬೇಕು. ಪಳಗಿದ ಕೈ ಆದರೆ ಕೆಲವೇ ನಿಮಿಷದ ಕೆಲಸ. ಸರ್ಜನ್ ಬ್ರ್ಯಾನ್ಸ್‌ಬಿ ಕೂಪರ್‌ಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು. ಒಂದಾದ ಮೇಲೊಂದು ಸಲಕರಣೆ ಹಾಕಿದರು, ಬೆರಳು ಹಾಕಿ ತಡಕಾಡಿದರು, ಪಕ್ಕದಲ್ಲಿದ್ದವರಿಗೆ ಉದ್ದ ಬೆರಳು ಇದೆಯಾ ಅಂತಲೂ ಕೇಳಿದರು ಎನ್ನುತ್ತದೆ ಲ್ಯಾನ್ಸೆಟ್‌ನ ವರದಿ. ನೋಡುತ್ತಾ ಕೂತ ವಿದ್ಯಾರ್ಥಿಗಳ ಎದುರು ರೋಗಿ ಸಾಕು, ಬಿಟ್ಟುಬಿಡಿ ಅಂತ ಅಂಗಲಾಚುತ್ತಿದ್ದ. ಮಾರನೇ ದಿನ ಸತ್ತ.

ಈ ಬ್ರ್ಯಾನ್ಸ್‌ಬಿ ಕೂಪರ್, ಆ ಕಾಲದ ಅತಿ ದೊಡ್ಡ ಸರ್ಜನ್ ಆಗಿದ್ದ ಸರ್ ಆಸ್ಟ್ಲಿ ಕೂಪರ್ ಅವರ ಅಣ್ಣನ ಮಗ. ಆ ಕೆಲಸ ಸಿಕ್ಕಿದ್ದೇ ಅದರಿಂದ ಅಂತ ವೇಕ್ಲಿ ನೇರವಾಗಿ ಬರೆದರು. ಕೂಪರ್ 2000 ಪೌಂಡ್ ಮಾನನಷ್ಟ ಕೇಳಿ ಕೋರ್ಟಿಗೆ ಹೋದರು. ಜ್ಯೂರಿ ತೀರ್ಪು ಕೂಪರ್ ಕಡೆಗೇ ಬಂತು, ಆದರೆ ಕೊಡಿಸಿದ್ದು 100 ಪೌಂಡ್ ಮಾತ್ರ. ವೇಕ್ಲಿಯ ಖರ್ಚಿಗೆ ಜನ ಚಂದಾ ಎತ್ತಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವಿಚಾರಣೆ ನಡೆದದ್ದು ಪತ್ರಿಕೆಯ ಮೇಲೆ. ಆಪರೇಷನ್ ಸರಿಯಾಗಿತ್ತೋ ಇಲ್ಲವೋ ಅಂತ ಕೇಳಿ, ಇನ್ನು ಮುಂದೆ ನೀವು ಕೊಯ್ಯಬೇಡಿ ಅಂತ ಹೇಳುವ ಜಾಗವೇ ದೇಶದಲ್ಲಿ ಇರಲಿಲ್ಲ.

1835ರಲ್ಲಿ ವೇಕ್ಲಿ ಫಿನ್ಸ್‌ಬರಿಯಿಂದ ಪಾರ್ಲಿಮೆಂಟಿಗೆ ಆರಿಸಿಬಂದರು, 1852ರವರೆಗೆ ಇದ್ದರು. 1839ರಲ್ಲಿ ಕೊರೊನರ್ ಕೂಡ ಆದರು. ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿ. 1846ರಲ್ಲಿ ಫ್ರೆಡರಿಕ್ ವೈಟ್ ಅನ್ನುವ ಸೈನಿಕ 150 ಚಾಟಿ ಏಟು ತಿಂದು ಕೆಲವು ವಾರದ ನಂತರ ಸತ್ತ. ಏಟಿಗೂ ಸಾವಿಗೂ ಸಂಬಂಧವಿಲ್ಲ ಅಂತ ಸೈನ್ಯದ ಡಾಕ್ಟರುಗಳು ಬರೆದುಕೊಟ್ಟರು. ವೇಕ್ಲಿ ಒಪ್ಪಲಿಲ್ಲ. ಹೆಣವನ್ನು ಮತ್ತೆ ಪರೀಕ್ಷೆ ಮಾಡಿಸಿದರು. ಸಾವಿಗೆ ಚಾಟಿಯೇ ಕಾರಣ ಅಂತ ಜ್ಯೂರಿ ಹೇಳಿತು. ಅದೇ ವರ್ಷ ಸೈನ್ಯದಲ್ಲಿ ಏಟಿನ ಮಿತಿ 50ಕ್ಕೆ ಇಳಿಯಿತು. ಕಲಬೆರಕೆ ಆಹಾರ ಮಾರುವವರ ಹೆಸರು, ವಿಳಾಸ ಸಮೇತ ಲ್ಯಾನ್ಸೆಟ್‌ನಲ್ಲಿ ಹಾಕಿಸಿದ್ದು 1851ರಿಂದ. ಅದು ಬೇರೆಯೇ ಕಥೆ.

ರಿಜಿಸ್ಟರ್ ಕಾನೂನಿಗಾಗಿ ವೇಕ್ಲಿ 1840ರ ದಶಕದಲ್ಲಿ ಮಸೂದೆ ತಂದರು, ಪಾಸಾಗಲಿಲ್ಲ. ಕೊನೆಗೆ ಮೆಡಿಕಲ್ ಆಕ್ಟ್ ಬಂದದ್ದು 1858ರಲ್ಲಿ. ಜನರಲ್ ಮೆಡಿಕಲ್ ಕೌನ್ಸಿಲ್ ಹುಟ್ಟಿತು, ಮಾರನೇ ವರ್ಷ ಪಟ್ಟಿ ಅಚ್ಚಾಯಿತು. ಆದರೆ ನಾಟಿ ವೈದ್ಯರನ್ನೋ ನಕಲಿಗಳನ್ನೋ ಆ ಕಾನೂನು ನಿಷೇಧಿಸಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ರಿಜಿಸ್ಟರ್ಡ್ ಅಂತ ಹೇಳಿಕೊಳ್ಳುವ ಹಾಗಿಲ್ಲ, ಫೀಸು ಬಾಕಿಗೆ ಕೋರ್ಟಿಗೆ ಹೋಗುವ ಹಾಗಿಲ್ಲ, ಸರ್ಕಾರಿ ಹುದ್ದೆ ಸಿಗುವುದಿಲ್ಲ, ಅಷ್ಟೇ. ಆರಿಸಿಕೊಳ್ಳುವುದು ರೋಗಿಗೆ ಬಿಟ್ಟಿದ್ದು. ವೇಕ್ಲಿಗೆ ಸಿಕ್ಕಿದ್ದು ಅರ್ಧ ಗೆಲುವು ಅಂತಲೇ ನನಗೆ ಅನ್ನಿಸುತ್ತದೆ. ಲೈಸೆನ್ಸ್ ಕೊಡುತ್ತಿದ್ದ ಹಳೆಯ ಕಾಲೇಜುಗಳು ಹೊಸ ಕೌನ್ಸಿಲ್‌ನೊಳಗೂ ಬಂದು ಕೂತವು. 1862ರಲ್ಲಿ ವೇಕ್ಲಿ ತೀರಿಕೊಂಡರು.

ನಮ್ಮಲ್ಲಿಗೆ ಇದು ಪ್ರಾಂತ ಪ್ರಾಂತವಾಗಿ ಬಂತು. ಬಾಂಬೆ ಪ್ರಾಂತಕ್ಕೆ 1912ರಲ್ಲಿ, ಮದ್ರಾಸಿಗೆ 1914ರಲ್ಲಿ ಕಾನೂನಾಯಿತು. ಅಂದರೆ ಧಾರವಾಡದ ಡಾಕ್ಟರ್ ಒಂದು ಪಟ್ಟಿಯಲ್ಲಿ, ಮಂಗಳೂರಿನ ಡಾಕ್ಟರ್ ಇನ್ನೊಂದರಲ್ಲಿ. ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಆದದ್ದು 1961ರ ಕಾಯ್ದೆಯಿಂದ. ಇಂಗ್ಲೆಂಡಿನ ಹಳೇ ಕಾನೂನಿಗಿಂತ ನಮ್ಮದು ಬಿಗಿ. ರಿಜಿಸ್ಟರ್ ಆಗದೆ ಅಲೋಪತಿ ಪ್ರಾಕ್ಟೀಸ್ ಮಾಡುವುದೇ ಅಪರಾಧ. 1956ರ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯ್ದೆಯಲ್ಲಿ ಅದಕ್ಕೆ ದಂಡ 1000 ರೂಪಾಯಿವರೆಗೆ ಇತ್ತು, 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯಲ್ಲಿ 5 ಲಕ್ಷದವರೆಗೆ. ಜೈಲು ಎರಡರಲ್ಲೂ ಒಂದು ವರ್ಷದವರೆಗೆ.

ಚೀಟಿ, ಸರ್ಟಿಫಿಕೇಟು, ದುಡ್ಡಿನ ರಸೀದಿ ಎಲ್ಲದರ ಮೇಲೂ ಈ ನಂಬರ್ ಹಾಕಬೇಕು ಅಂತ 2002ರ ವೃತ್ತಿ ನಡವಳಿಕೆಯ ನಿಯಮ ಹೇಳುತ್ತದೆ. ಡಾಕ್ಟರ್ ಮೇಲೆ ದೂರು ಬಂದರೆ ಕೌನ್ಸಿಲ್ ಆರು ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂತಲೂ ಅದರಲ್ಲೇ ಇದೆ. ತಪ್ಪು ಸಾಬೀತಾದರೆ ಹೆಸರನ್ನು ಇಷ್ಟು ಕಾಲ ಅಂತ ತೆಗೆಯಬಹುದು, ಶಾಶ್ವತವಾಗಿಯೂ ತೆಗೆಯಬಹುದು. ಪರಿಹಾರದ ದುಡ್ಡು ಬೇಕಿದ್ದರೆ ಮಾತ್ರ ಗ್ರಾಹಕರ ಕೋರ್ಟಿಗೋ ಸಿವಿಲ್ ಕೋರ್ಟಿಗೋ ಹೋಗಬೇಕು, ಕೌನ್ಸಿಲ್ ದುಡ್ಡು ಕೊಡಿಸುವುದಿಲ್ಲ.

ಇನ್ನೊಂದು ಗೊಂದಲವಿದೆ. ನರ್ಸಿಂಗ್ ಹೋಮಿನ ಗೋಡೆಗೆ ತೂಗುಹಾಕಿರುವ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ಸರ್ಟಿಫಿಕೇಟ್ ಆ ಆಸ್ಪತ್ರೆಗೆ ಸಿಕ್ಕ ನೋಂದಣಿ. ಒಳಗೆ ಕೂತ ಡಾಕ್ಟರ್ ರಿಜಿಸ್ಟರ್ಡ್ ಹೌದೋ ಅಲ್ಲವೋ ಅನ್ನುವುದನ್ನು ಅವರವರ ನಂಬರಿನಲ್ಲೇ ನೋಡಬೇಕು. ಆಯುರ್ವೇದ, ಹೋಮಿಯೋಪತಿಯವರ ಪಟ್ಟಿ ಕೆಎಂಸಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರಿಗೆ ಬೇರೆ ಬೋರ್ಡುಗಳಿವೆ.