ಕೆಲಸ ಚೆನ್ನಾಗಿಯೇ ಮಾಡುತ್ತೇನೆ, ಆದರೂ ದೊಡ್ಡ ಕೆಲಸ ನನಗೇಕೆ ಸಿಗುವುದಿಲ್ಲ?

ಪ್ರಶ್ನೆ: ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಹೇಳಿದ್ದನ್ನೆಲ್ಲ ಮಾಡುತ್ತೇನೆ. ಎಷ್ಟೋ ದಿನ ಎಲ್ಲರಿಗಿಂತ ತಡವಾಗಿ ಮನೆಗೆ ಹೊರಡುತ್ತೇನೆ. ಆದರೆ ಮುಖ್ಯವಾದ ಕೆಲಸ ಬಂದರೆ ಅದು ನನ್ನ ಜೊತೆಗೇ ಸೇರಿದ ಇನ್ನೊಬ್ಬರಿಗೆ ಹೋಗುತ್ತದೆ. ಅವರು ನನಗಿಂತ ಜಾಣರೇನೂ ಅಲ್ಲ. ಮುಂದೆ ಬರಬೇಕಾದರೆ ಯಾವ ಅಭ್ಯಾಸ ಬೆಳೆಸಿಕೊಳ್ಳಬೇಕು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರ ಊಹೆ ಮಾತ್ರ ಹೆಚ್ಚಾಗಿ ಒಂದೇ: 'ನನಗೆ ಇನ್ನೂ ಏನೋ ಬರುವುದಿಲ್ಲ, ಇನ್ನೊಂದು ಕೋರ್ಸ್ ಮಾಡಿದರೆ ಸರಿಹೋಗುತ್ತದೆ.' ಕಲಿಯುವುದು ಒಳ್ಳೆಯದೇ. ಆದರೆ ಇಬ್ಬರಿಗೂ ಕೆಲಸ ಒಂದೇ ಮಟ್ಟಿಗೆ ಬರುತ್ತಿದ್ದರೆ ಕೊಡುವವರು ನೋಡುವುದು ಬೇರೆಯದನ್ನು. ಕೊಟ್ಟ ಮೇಲೆ ಇವರ ಹಿಂದೆ ಬಿದ್ದು 'ಏನಾಯ್ತು, ಎಲ್ಲಿಗೆ ಬಂತು' ಅಂತ ಕೇಳಬೇಕಾಗುತ್ತದಾ, ಇಲ್ವಾ?

ಮೇಲಿನವರ ಜಾಗದಲ್ಲಿ ಕೂತು ಒಮ್ಮೆ ನೋಡಿ. ಅವರ ಕೈಕೆಳಗೆ ಹತ್ತು ಜನ, ತಲೆಯಲ್ಲಿ ಮೂವತ್ತು ಕೆಲಸ. ಒಂದನ್ನು ಕೊಟ್ಟು ಮರೆತುಬಿಡಬಹುದಾದ ಒಬ್ಬರು ಸಿಕ್ಕರೆ ಅವರಿಗೆ ಅದೇ ದೊಡ್ಡ ನೆಮ್ಮದಿ. ದೊಡ್ಡ ಕೆಲಸ ಹೋಗುವುದು ಅಲ್ಲಿಗೇ. ಬುದ್ಧಿವಂತರಿಗೆ ಅದು ಸಿಗದೇ ಹೋಗುವುದು ಹೀಗೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವರದಿ ಕೇಳಿದರು. 'ಶುಕ್ರವಾರ ಕೊಡುತ್ತೇನೆ' ಅಂದೆ, ಸುಮ್ನೆ ಬಾಯಿಗೆ ಬಂದ ದಿನ ಅದು. ಬೇರೆ ವಿಭಾಗದಿಂದ ಬರಬೇಕಾದ ಅಂಕಿಗಳು ಬರಲಿಲ್ಲ. ಮಂಗಳವಾರವೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಹೇಗೋ ಆಗುತ್ತದೆ ಅಂದುಕೊಂಡೆ. ಶುಕ್ರವಾರ ಹತ್ತು ಜನರ ಮುಂದೆ ಕೇಳಿದಾಗ ನನ್ನ ಹತ್ತಿರ ಅರ್ಧ ವರದಿ ಇತ್ತು. ಮುಂದಿನ ವಾರ ಕೊಟ್ಟ ಪೂರ್ತಿ ವರದಿ ಚೆನ್ನಾಗಿಯೇ ಇತ್ತು, ಅವರೂ ಹಾಗೇ ಅಂದರು. ಆದರೆ ಆಮೇಲೆ ಆರು ತಿಂಗಳು ನನಗೆ ಕೊಟ್ಟ ಪ್ರತಿಯೊಂದು ಕೆಲಸವನ್ನೂ ಎರಡೆರಡು ಸಲ ವಿಚಾರಿಸುತ್ತಿದ್ದರು. ತಪ್ಪು ಅವರದ್ದಲ್ಲ.

ಆ ಒಂದು ವಾರದಲ್ಲಿ ನಾನು ಮಾಡಿದ ತಪ್ಪು ಎರಡು. ಬಾಯಿಗೆ ಬಂದ ದಿನ ಹೇಳಿದ್ದು ಒಂದು. ತಡವಾಗುತ್ತದೆ ಅಂತ ಗೊತ್ತಾದ ಮೇಲೂ ಸುಮ್ಮನಿದ್ದದ್ದು ಇನ್ನೊಂದು. ಮೊದಲನೆಯದು ಹೆಚ್ಚುಕಡಿಮೆ ಎಲ್ಲರೂ ಮಾಡುವ ತಪ್ಪು. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಮುಗಿಸುವ ಹಂತದಲ್ಲಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು 'ಎಷ್ಟು ದಿನ ಬೇಕು' ಅಂತ ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಅಂದರೆ ಸುಮಾರು 49 ದಿನ. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಜಾಸ್ತಿ. ಅಂದರೆ ಕೆಟ್ಟದ್ದನ್ನೆಲ್ಲ ಊಹಿಸಿ ಹೇಳಿದ ದಿನಕ್ಕೂ ಕೆಲಸ ಮುಗಿದಿರಲಿಲ್ಲ. ಇದು ಪ್ರಕಟವಾದದ್ದು 1994ರಲ್ಲಿ. ನಮ್ಮ ಲೆಕ್ಕ ಹೀಗೆ ತಪ್ಪುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಾಸ್ ಟ್ವರ್ಸ್ಕಿ 1979ರಲ್ಲೇ ಗುರುತಿಸಿ ಅದಕ್ಕೊಂದು ಹೆಸರೂ ಇಟ್ಟಿದ್ದರು.

ಯಾಕೆ ಹೀಗಾಗುತ್ತದೆ? ಲೆಕ್ಕ ಹಾಕುವಾಗ ನಾವು ಈ ಕೆಲಸದ ಹಂತಗಳನ್ನು ಮಾತ್ರ ನೋಡುತ್ತೇವೆ. ಮೊದಲು ಇದು, ಆಮೇಲೆ ಅದು, ಮುಗೀತು. ನಡುವೆ ಬರುವ ಜ್ವರ, ಸಿಗದ ಸಹಿ, ಕೆಟ್ಟು ಕೂತ ಕಂಪ್ಯೂಟರ್ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಕಾನಮನ್ ಮತ್ತು ಟ್ವರ್ಸ್ಕಿ ಹೇಳುವ ದಾರಿ ಸರಳ. ಈ ಕೆಲಸವನ್ನು ಬಿಡಿ, ಇಂಥದ್ದೇ ಕೆಲಸಕ್ಕೆ ಹಿಂದೆ ಎಷ್ಟು ದಿನ ಹಿಡಿದಿತ್ತು ಅಂತ ನೋಡಿ. ಆದರೆ ಅದು ನೆನಪಿದ್ದರೆ ತಾನೆ! ಹಾಗಾಗಿ ಒಂದು ನೋಟ್‌ಬುಕ್ ಇಡಿ. ಕೆಲಸದ ಹೆಸರು, ನೀವು ಅಂದುಕೊಂಡ ದಿನ, ನಿಜಕ್ಕೂ ಹಿಡಿದ ದಿನ. ಮೂರು ತಿಂಗಳು ಬರೆದರೆ ನಿಮ್ಮ ಲೆಕ್ಕ ಎಷ್ಟು ಪಟ್ಟು ತಪ್ಪುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ನನ್ನದು ಬರವಣಿಗೆಗೆ ಒಂದೂವರೆ ಪಟ್ಟು. ಬೇರೆಯವರ ಮೇಲೆ ನಿಂತ ಕೆಲಸವಾದರೆ ಎರಡು ಪಟ್ಟು. ಈಗ ದಿನ ಹೇಳುವ ಮುಂಚೆ ಅಷ್ಟರಿಂದ ಗುಣಿಸುತ್ತೇನೆ. ದಿನ ಕೇಳಿದ ಕೂಡಲೇ ಹೇಳಲೇಬೇಕು ಎಂದೂ ಇಲ್ಲ. 'ಮಧ್ಯಾಹ್ನದೊಳಗೆ ನೋಡಿ ಹೇಳುತ್ತೇನೆ' ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ತಡವಾಗುವುದು ಎಲ್ಲರಿಗೂ ಆಗುತ್ತದೆ, ಅದನ್ನು ಎಷ್ಟು ಬೇಗ ಹೇಳುತ್ತೀರಿ ಎಂಬುದೇ ವಿಷಯ. ಮಂಗಳವಾರ ಹೇಳಿದರೆ ಮೇಲಿನವರಿಗೆ ಇನ್ನೂ ಮೂರು ದಾರಿ ಇರುತ್ತವೆ. ಬೇರೆ ಯಾರನ್ನಾದರೂ ಜೊತೆಗೆ ಹಾಕಬಹುದು, ಸಭೆ ಮುಂದೂಡಬಹುದು, ಆ ವಿಭಾಗಕ್ಕೆ ತಾವೇ ಫೋನ್ ಮಾಡಬಹುದು. ಶುಕ್ರವಾರ ಹೇಳಿದರೆ ಸಿಟ್ಟಾಗುವುದೊಂದೇ ಅವರಿಗೆ ಉಳಿಯುವ ದಾರಿ. ಹೇಳುವಾಗ 'ಸ್ವಲ್ಪ ತಡ ಆಗಬಹುದು ಸರ್' ಅಂದರೆ ಸಾಲದು. ಆಗ ನಾನು ಬರೆಯಬೇಕಾಗಿದ್ದದ್ದು ಹೀಗೆ: 'ಶುಕ್ರವಾರದ ವರದಿಗೆ ಬೇಕಾದ ಅಂಕಿಗಳು ಇನ್ನೂ ಬಂದಿಲ್ಲ. ನಿನ್ನೆ ನೆನಪಿಸಿದ್ದೇನೆ. ನಾಳೆ ಸಂಜೆಯೊಳಗೆ ಬರದಿದ್ದರೆ ವರದಿ ಸೋಮವಾರಕ್ಕೆ ಹೋಗುತ್ತದೆ. ಶುಕ್ರವಾರವೇ ಬೇಕಿದ್ದರೆ ಆ ಭಾಗ ಬಿಟ್ಟು ಉಳಿದದ್ದನ್ನು ಕೊಡಬಹುದು. ಯಾವುದು ಮಾಡಲಿ?' ಇದರಲ್ಲಿ ನೆಪವೂ ಇಲ್ಲ, ಉದ್ದದ ಕ್ಷಮಾಪಣೆಯೂ ಇಲ್ಲ. ಏನಾಗಿದೆ, ಏನು ಮಾಡಿದ್ದೇನೆ, ಮುಂದೆ ಯಾವ ದಾರಿ ಇದೆ, ಅಷ್ಟೇ. ಓದಿದವರು ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು.

ಹೇಳಿದ್ದನ್ನು ಬರೆದುಕೊಳ್ಳುವ ಅಭ್ಯಾಸದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ದಿನದಲ್ಲೇ ಮೂರರಲ್ಲಿ ಎರಡು ಪಾಲು ಹೋಗಿತ್ತು. ಸಭೆಯ ಮಾತಿಗೆ ಅರ್ಥ ಇರುತ್ತದೆ, ಅಷ್ಟು ಬೇಗ ಮರೆಯಲಾರದು ಅನ್ನಿ. (ಕೆಲವು ಸಭೆಗಳ ಬಗ್ಗೆ ನನಗೆ ಅನುಮಾನವಿದೆ.) ಏನೇ ಆಗಲಿ, ಬರೆದುಕೊಳ್ಳದೆ ತಲೆಯಾಡಿಸುವವರನ್ನು ಕಂಡರೆ ಕೆಲಸ ಕೊಡುವವರಿಗೆ ಒಳಗೊಳಗೇ ಭಯ.

ಕೊಡುವ ಮುಂಚೆ ಪರೀಕ್ಷಿಸುವುದಕ್ಕೂ ನೆನಪನ್ನು ನಂಬಬೇಡಿ. 1935ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಪರೀಕ್ಷೆಯ ಹಾರಾಟದಲ್ಲೇ ಬಿತ್ತು. ನೆಲದ ಮೇಲೆ ನಿಂತಾಗ ಗಾಳಿಗೆ ವಿಮಾನವನ್ನು ನಿಯಂತ್ರಿಸುವ ಫಲಕಗಳು ಅಲುಗಾಡದಂತೆ ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ಹಾರಿಸುತ್ತಿದ್ದವರು ಕಲಿಯುವವರಲ್ಲ, ನುರಿತವರು. ಇನ್ನಷ್ಟು ತರಬೇತಿ ಕೊಡುವ ಬದಲು ಪೈಲಟ್‌ಗಳು ಒಂದು ಚಿಕ್ಕ ಪಟ್ಟಿ ಮಾಡಿಕೊಂಡರು. ಇವತ್ತು ಪ್ರತಿ ವಿಮಾನದಲ್ಲೂ ಅಂಥ ಪಟ್ಟಿ ಇದೆ. ನಿಮಗೂ ನಿಮ್ಮದೇ ಪಟ್ಟಿ ಬೇಕು, ಐದಾರು ಸಾಲು ಸಾಕು. ಅದರಲ್ಲಿ ನೀವು ನಿಜವಾಗಿ ಮಾಡಿದ ತಪ್ಪುಗಳೇ ಇರಲಿ. ನನ್ನ ಪಟ್ಟಿಯ ಮೊದಲ ಸಾಲು 'ಹೆಸರುಗಳ ಕಾಗುಣಿತ'. ಅದು ಯಾಕೆ ಅಲ್ಲಿಗೆ ಬಂತು ಅಂತ ಕೇಳಬೇಡಿ.

ತಪ್ಪು ಆಗಿಯೇ ಬಿಟ್ಟರೆ? ಮುಚ್ಚಿಡುವುದು ಸಹಜ. ಆದರೆ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನ ಒಂದು ವಿಚಿತ್ರವನ್ನು ತೋರಿಸಿತು. ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು ಎಂದು ಎಡ್ಮಂಡ್ಸನ್ ಕಂಡುಕೊಂಡರು. ತಪ್ಪು ಹೇಳಿದವರನ್ನು ಬೈದು ಬಾಯಿ ಮುಚ್ಚಿಸುವ ಜಾಗಗಳೂ ಇವೆ. ನಿಮ್ಮದು ಅಂಥದ್ದಾದರೆ, ಎರಡು ವರ್ಷವಾದರೂ ದೊಡ್ಡ ಕೆಲಸ ಸಿಗದಿರಲು ನಿಮ್ಮ ಅಭ್ಯಾಸ ಕಾರಣವಲ್ಲದೇ ಇರಬಹುದು. ಮೇಲಿನವರಿಗೆ ಬೇಕಾದವರಿಗೇ ಎಲ್ಲ ಹೋಗುವ ಕಡೆ ಎಷ್ಟು ಸರಿಯಾಗಿದ್ದರೂ ಅಷ್ಟೇ.

ಆಗ ಬೇರೆ ಕಡೆ ನೋಡಬೇಕಾಗುತ್ತದೆ, ಅಲ್ವಾ? ಅಲ್ಲೂ ನೆರವಿಗೆ ಬರುವುದು ನಿಮ್ಮ ಬಗ್ಗೆ ಇರುವ ಮಾತೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಲೇಖನದಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಸಿಕ್ಕವರನ್ನು 'ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ' ಅಂತ ಕೇಳಿದ್ದನ್ನು ಬರೆದಿದ್ದಾರೆ. 'ಆಗಾಗ' ಅಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಯಾವಾಗಲೋ ಒಮ್ಮೆ ಅಥವಾ ಅಪರೂಪಕ್ಕೆ ಸಿಗುತ್ತಿದ್ದ ಹಳೆಯ ಸಹೋದ್ಯೋಗಿಯಂಥವರಿಂದ. ಆ ಅಪರೂಪದವರಿಗೆ ನಿಮ್ಮ ಬಗ್ಗೆ ಎಲ್ಲ ಗೊತ್ತಿರುವುದಿಲ್ಲ. ಒಂದೆರಡು ವಿಷಯ ಮಾತ್ರ ನೆನಪಿರುತ್ತದೆ. ಹೇಳಿದ ದಿನ ಕೊಡುತ್ತಿದ್ದಿರಾ ಎಂಬುದು ಅದರಲ್ಲಿ ಒಂದು.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ, ಆರಂಭಶೂರತ್ವ ಆಗಿಬಿಡುತ್ತದೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಮಾಡುವ ಒಂದು ಸಣ್ಣ ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಹಿಡಿದ ಮಧ್ಯದ ಅಂದಾಜು 66 ದಿನ. ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254ರ ತನಕ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ. ಹಾಗಾಗಿ ಒಂದನ್ನೇ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ, ತಡವಾಗುವುದನ್ನು ಮೊದಲೇ ಹೇಳುವುದು. ಈಗ ನಿಮ್ಮ ಕೈಯಲ್ಲಿರುವ ಕೆಲಸಗಳಲ್ಲಿ ಯಾರೋ ಕಾಯುತ್ತಿರುವ, ನೀವು ಸುಮ್ಮನೆ ಮುಂದೂಡುತ್ತಿರುವ ಒಂದಾದರೂ ಇರುತ್ತದೆ. ಅವರಿಗೆ ನಾಲ್ಕು ಸಾಲು ಇವತ್ತೇ ಬರೆದು ಕಳಿಸಿ.