ಬಸಳೆ ಪಕ್ಕದ ಮನೆಗೆ, ಸೌತೆ ಬಿಸಿಯೂಟಕ್ಕೆ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯಲ್ಲಿದ್ದೆ. ಊರಿನವರೊಬ್ಬರು ಸ್ಕೂಟರಿನಲ್ಲಿ ಬಂದು ಒಂದು ಚೀಲ ಇಳಿಸಿ, ಚಹಾಕ್ಕೂ ನಿಲ್ಲದೆ ಹೊರಟುಹೋದರು. ಬಿಚ್ಚಿ ನೋಡಿದರೆ ನಾಲ್ಕು ಹೀರೆಕಾಯಿ, ಒಂದು ಹಿಡಿ ಅಲಸಂಡೆ, ಎರಡು ಬದನೆ, ಒಂದು ಹಾಗಲ, ನಾರುಗಟ್ಟಿದ ಏಳೆಂಟು ಬೆಂಡೆ. ಅಡುಗೆಯವರು ನನ್ನ ಮುಖ ನೋಡಿ, "ಮೇಡಂ, ಇದನ್ನು ಯಾವ ಸಾಂಬಾರಿಗೆ ಹಾಕಲಿ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಕರಾವಳಿಯ ಮನೆಯಂಗಳಗಳಲ್ಲಿ ತರಕಾರಿ ಬೆಳೆಸುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಬೆಳೆಸುವುದನ್ನು ಹೇಳಿಕೊಟ್ಟಷ್ಟು ಕೊಡುವುದನ್ನು ಹೇಳಿಕೊಟ್ಟಿರಲಿಲ್ಲ.

ಬಿಸಿಯೂಟದ ಲೆಕ್ಕ ಸರಳ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರೆಗೆ 75 ಗ್ರಾಂ. ನೂರು ಪುಟ್ಟ ಮಕ್ಕಳಿದ್ದರೆ ಐದು ಕಿಲೋ ಬೇಕು. ಅದೂ ಒಂದೇ ಬಗೆಯದು ಅಥವಾ ಒಟ್ಟಿಗೆ ಬೇಯುವ ಎರಡು ಬಗೆಯದು ಇದ್ದರೆ ಅಡುಗೆಯವರಿಗೆ ಅನುಕೂಲ. ಐದು ಬಗೆಯನ್ನು ಒಂದೊಂದು ಹಿಡಿ ಕೊಟ್ಟರೆ ಹೆಚ್ಚುವುದಕ್ಕೇ ಹೊತ್ತು ಹೋಗುತ್ತದೆ. ಹಾಗಲ ಬಿದ್ದ ಸಾಂಬಾರನ್ನು ಮಕ್ಕಳು ತಟ್ಟೆಯಲ್ಲೇ ಬಿಡುತ್ತಾರೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೋ ಜಾತ್ರೆಗೋ ಹೊರಡುವ ಹಸಿರುವಾಣಿ ಹೊರೆಕಾಣಿಕೆಯ, ಅಂದರೆ ಅಲ್ಲಿಯ ಅಡುಗೆಗೆಂದು ಊರವರು ಕೊಡುವ ಕಾಯಿಪಲ್ಲೆಯ, ಗಾಡಿಯನ್ನೊಮ್ಮೆ ನೋಡಿ. ಮಂಗಳೂರು ಸೌತೆ, ಬೂದುಗುಂಬಳ, ಸಿಹಿಗುಂಬಳ, ತೆಂಗಿನಕಾಯಿ, ಬಾಳೆಗೊನೆ. ಹೆಚ್ಚಿನವು ನಾಲ್ಕು ದಿನ ಕೆಡದೆ ಕಾಯಬಲ್ಲವು, ಒಂದೊಂದೂ ದೊಡ್ಡ ಕಡಾಯಿಗೆ ಸಲ್ಲುವಂಥವು. ಮನೆಮನೆಯಿಂದ ಒಂದೊಂದು ಬಂದರೂ ರಾಶಿ ಒಂದೇ ಬಗೆಯದಾಗುತ್ತದೆ. ಬಸಳೆಯ ಕಟ್ಟು ಅಲ್ಲಿ ಹೆಚ್ಚು ಕಾಣುವುದಿಲ್ಲ. ಅದು ಬೇಲಿ ದಾಟಿ ಪಕ್ಕದ ಮನೆಗೆ ಹೋಗುವ ವಸ್ತು.

ಹಾಗಾಗಿ ನಾನು ಈಗ ಹೇಳುವುದು ಇಷ್ಟು: ಕಾಯುವಂಥದ್ದು ದೊಡ್ಡ ಅಡುಗೆಮನೆಗೆ, ಬಾಡುವಂಥದ್ದು ಹತ್ತಿರದ ಮನೆಗೆ. ಹಣ್ಣಾದ ಮಂಗಳೂರು ಸೌತೆಯನ್ನು ತೊಟ್ಟಿನೊಂದಿಗೆ, ಗಾಯವಾಗದಂತೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ, ಅಂದರೆ ಮಾಡು ಹೊರುವ ಮರದ ಪಟ್ಟಿಗೆ, ತೂಗಿಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೂದುಗುಂಬಳದ ಮೈಮೇಲಿನ ಬೂದಿ ಒರೆಸಬೇಡಿ, ಅದೇ ಅದರ ರಕ್ಷೆ. ಸುವರ್ಣಗೆಡ್ಡೆ ಕಿತ್ತ ಕೂಡಲೇ ಶಾಲೆಗೆ ಕೊಡಬೇಡಿ. ಹೊಸ ಗೆಡ್ಡೆಯ ತುರಿಕೆ ಹೆಚ್ಚು. ಕೆಲವು ವಾರ ಒಣಜಾಗದಲ್ಲಿಟ್ಟು, ಹುಣಸೆಹುಳಿ ಹಾಕಿ ಬೇಯಿಸಲು ಬಲ್ಲವರಿಗೆ ಕೊಡಿ.

ಹರಿವೆ, ಬಸಳೆ, ನುಗ್ಗೆಸೊಪ್ಪುಗಳ ದಾರಿ ಬೇರೆ. ಬಿಸಿಲೇರುವ ಮೊದಲೇ ಕೊಯ್ಯಬೇಕು. ತೊಳೆದು ಕೊಟ್ಟರೆ ಶುಚಿ ಎಂಬ ಭಾವನೆ ಹಲವರಿಗಿದೆ. ನೀರು ನಿಂತ ಸೊಪ್ಪು ಪ್ಲಾಸ್ಟಿಕ್ ಚೀಲದೊಳಗೆ ಮಧ್ಯಾಹ್ನದ ಹೊತ್ತಿಗೆ ಲೋಳೆಯಾಗುತ್ತದೆ. ಮಣ್ಣು ಕೊಡವಿ ಬಾಳೆಎಲೆಯಲ್ಲಿ ಸುತ್ತಿ ಕೊಡಿ, ತೊಳೆಯುವುದು ಅಡುಗೆ ಮಾಡುವವರ ಕೆಲಸ. ಕೊಡುವಾಗ "ದಾನ" ಎಂಬ ಮಾತು ಎತ್ತದಿದ್ದರೆ ಒಳ್ಳೆಯದು. "ನಮ್ಮಲ್ಲಿ ತುಂಬಾ ಆಗಿದೆ, ಹಾಳಾಗುತ್ತದೆ" ಎಂದರೆ ದಿನಗೂಲಿಗೆ ಹೋಗುವ ಮನೆಯ ಹೆಂಗಸು ಸಂಕೋಚವಿಲ್ಲದೆ ಕೈಚಾಚುತ್ತಾಳೆ. ಜತೆಗೆ ನಾಲ್ಕು ಗಿಣ್ಣಿನ ಬಲಿತ ಬಸಳೆ ದಂಟನ್ನೂ ಕೊಡಿ. ಅವಳ ಬಚ್ಚಲಿನ ಹಿಂದೆ ನೆಟ್ಟರೆ ಮುಂದಿನ ಬಾರಿ ಅವಳೇ ನಿಮಗೆ ಕೊಡಬಹುದು.

ಎರಡು ವಿಷಯಗಳಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸೋರೆಕಾಯಿ, ಮುಳ್ಳುಸೌತೆ, ಹೀರೆಕಾಯಿಗಳನ್ನು ಕೊಡುವ ಮೊದಲು ಪ್ರತಿಯೊಂದರ ತುದಿಯಿಂದ ಚೂರು ಕತ್ತರಿಸಿ ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ, ಕಾಯಿಯನ್ನು ಎಸೆಯಿರಿ. ಈ ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಿಷವಸ್ತು. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರಿಸುತ್ತದೆ. ಮನೆಯಲ್ಲೇ ಬೀಜ ಉಳಿಸಿ ಬಿತ್ತುವವರ ಬಳ್ಳಿಯಲ್ಲಿ ಇಂಥ ಕಾಯಿ ಆಗಾಗ ಬರುತ್ತದೆ. ಹಾಗಲಕಾಯಿಯ ಕಹಿ ಬೇರೆ, ಅದನ್ನು ಇದರೊಂದಿಗೆ ಸೇರಿಸಬೇಡಿ. ಕಹಿ ಸೋರೆಯೋ ಹೀರೆಯೋ ಸೇರಿದರೆ ಮನೆಯಲ್ಲಿ ಒಂದು ಪಲ್ಯ ಹಾಳು, ಶಾಲೆಯಲ್ಲಿ ಇಡೀ ಕಡಾಯಿ. ಇನ್ನೊಂದು, ಗಿಡಕ್ಕೆ ಔಷಧಿ ಹೊಡೆದಿದ್ದರೆ ಅದರ ಲೇಬಲ್ಲಿನಲ್ಲಿ ಬರೆದ ಕೊಯ್ಲಿನ ಅಂತರ, ಅಂದರೆ ಹೊಡೆದ ಮೇಲೆ ಕೊಯ್ಯದೆ ಕಾಯಬೇಕಾದ ದಿನಗಳು, ಮುಗಿಯುವವರೆಗೆ ಯಾರಿಗೂ ಕೊಡಬಾರದು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಸೊಪ್ಪು ಬೆಳೆಸುವವರನ್ನೂ ಕಂಡಿದ್ದೇನೆ, ಅವರಿಗೆ ಏನು ಹೇಳಲಿ!

ಶಾಲೆಗೇ ಕೊಡಬೇಕೆಂಬ ಆಸೆಯಿದ್ದರೆ ಬಿತ್ತುವಾಗಲೇ ಯೋಚಿಸಬೇಕು. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದೇ ತರಕಾರಿಯನ್ನು ಒಂದೇ ವಾರ ಹಾಕಿದರೆ ಐದು ಕಿಲೋ ದೊಡ್ಡ ಮಾತಲ್ಲ. ಹಿಂದಿನ ದಿನ ಸಂಜೆ ಅಡುಗೆಯವರಿಗೆ ಫೋನ್ ಮಾಡಿ. ಬೆಳಿಗ್ಗೆ ಬೇಳೆ ಒಲೆಗೇರಿದ ಮೇಲೆ ಬರುವ ತರಕಾರಿ ಮರುದಿನಕ್ಕೇ. ಇನ್ನೊಂದು ತೊಡಕೆಂದರೆ, ಬೇಸಿಗೆ ಗದ್ದೆಯ ಸೌತೆ ಮನೆಯಲ್ಲಿ ರಾಶಿ ಬೀಳುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಆಗ ವೃದ್ಧಾಶ್ರಮಗಳ ಕಡೆ ತಿರುಗಬೇಕು. ಅಲ್ಲಿಯ ಒಲೆಗೆ ರಜೆಯಿಲ್ಲ, ಮೆತ್ತಗೆ ಬೇಯುವ ಸೌತೆ, ಕುಂಬಳ ಹಲ್ಲಿಲ್ಲದವರಿಗೂ ಆಗುತ್ತದೆ.

ಆ ದಿನದ ಹೀರೆಕಾಯಿಯೂ ಬದನೆಯೂ ಸಾಂಬಾರಿಗೆ ಸೇರಿದವು, ಅಲಸಂಡೆಯೂ ಸೇರಿತು. ಹಾಗಲ ಅಡುಗೆಯವರ ಮನೆಗೆ, ಬೆಂಡೆ ಗೊಬ್ಬರದ ಗುಂಡಿಗೆ. ಹೊರಡುವಾಗ ಅವರನ್ನೇ ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಎಂದು. ಪಾತ್ರೆ ಉಜ್ಜುತ್ತಲೇ ಹೇಳಿದರು: "ಕರಿಬೇವು ಮೇಡಂ. ಎಲ್ಲರ ಅಂಗಳದಲ್ಲೂ ಇದೆ, ಯಾರಿಗೂ ತರಬೇಕೆಂದು ತೋಚುವುದಿಲ್ಲ."